ಗಾಜಿನ ಪೆಟ್ಟಿಗೆಯ ಥರ್ಮೋಸ್ಟಾಟ್

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಮೆಕ್ಯಾನಿಕ್ ತರಬೇತಿ ಕೇಂದ್ರದಲ್ಲಿ ಮೇಷ್ಟ್ರಾಗುವ ಅವಕಾಶ ಬಂದದ್ದು ಪ್ರಾಂಶುಪಾಲ ಚನ್ನಬಸವರ ಕಾರಿನ ದಯೆಯಿಂದ. ಹೆಂಡತಿಯೊಡನೆ ಅದೇ ಕಾರಿನಲ್ಲಿ ಮನಾಲಿಯ ಹಿಮ ನೋಡಲು ಹೊರಟಿದ್ದರು. ಹೀಟರ್ ಹಾಕಿದರೆ ತಣ್ಣನೆ ಗಾಳಿ.

"ಇದನ್ನ ಸರಿ ಮಾಡು ಹುಲುಗೇಶ, ಮಾರ್ಕ್ಸ್ ಕಾರ್ಡ್ ಕೇಳಂಗಿಲ್ಲ. ಸೋಮವಾರದಿಂದ ಪಾಠ ಮಾಡು" ಅಂದರು.

ಕೊಟ್ಟೂರಿನ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಕಾರುಗಳ ಕೆಳಗೆ ಮಲಗಿದವನು ನಾನು. ಒಮ್ಮೆಯಾದರೂ ಕರಿಹಲಗೆಯ ಮುಂದೆ ನಿಲ್ಲಬೇಕೆಂಬ ಹಟವಿತ್ತು. ಪಾನಾ ಹಿಡಿದು ಬಂದೆ.

ಡಿಗ್ರಿ ಮಾಡಿದ ಮೇಷ್ಟ್ರು ಪ್ರವೀಣಕುಮಾರ್ ಕಾರಿನ ಮುಂದೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದರು. "ಸಾಫ್ಟ್‌ವೇರ್ ಪ್ರಾಬ್ಲಮ್ ಐತ್ರಿ."

"ಮೂರು ದಿನದಿಂದ ಅದನ್ನ ಹೇಳಾಕತ್ತೀರಿ" ಎಂದರು ಪ್ರಾಂಶುಪಾಲರ ಹೆಂಡತಿ ಸುಜಾತಾ. "ನನ್ನ ಕಾಲು ಐಸ್‌ಕ್ಯಾಂಡಿ ಆದಮ್ಯಾಲೆ ಸರಿ ಹೋಗ್ತೈತೇನು?"

ರೇಡಿಯೇಟರಿನ ನೀರು ನೋಡಿದೆ, ತುಂಬಿತ್ತು. ಹಂಪಸಾಗರದವರೆಗೆ ಓಡಿಸಿ ತಂದೆ. ಅಷ್ಟು ದೂರ ಹೋಗಿ ಬಂದರೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಳ ಬಿಟ್ಟು ಏಳಲಿಲ್ಲ.

"ಯಾರೋ ಥರ್ಮೋಸ್ಟಾಟ್ ಕಿತ್ತಾರ್ರಿ" ಎಂದೆ.

ಇಂಜಿನ್ ಕಾದು ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲು ಅದು. ಬಾಗಿಲಿಲ್ಲದಿದ್ದರೆ ನೀರು ಕಾಯುವುದಿಲ್ಲ. ನೀರೇ ಕಾಯದಿದ್ದರೆ ಹೀಟರಿಗೆ ಬಿಸಿ ಎಲ್ಲಿಂದ? ನಮ್ಮ ಬಿಸಿಲಿಗೆ ಹೆದರಿ ಅದನ್ನು ಕಿತ್ತೆಸೆಯುವ ಜಾಣರು ಕೂಡ್ಲಿಗಿಯಿಂದ ಹಡಗಲಿ ತನಕ ಸಿಗುತ್ತಾರೆ.

ಪ್ರವೀಣಕುಮಾರ್ ಲ್ಯಾಪ್‌ಟಾಪ್ ಮುಚ್ಚಿದರು. ಎಲ್ಲರ ಕಣ್ಣೂ ಆಫೀಸಿನ ಕಡೆ ಹೋಯಿತು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ, ಥರ್ಮೋಸ್ಟಾಟ್ ದೇವರಂತೆ ಕುಳಿತಿತ್ತು. ಕೆಳಗೆ ಫಲಕ: 'ನಮ್ಮ ಹವಾಮಾನಕ್ಕೆ ಬೇಡವಾದ ಭಾಗ. ಸಂಶೋಧಕರು: ಪ್ರಾಂಶುಪಾಲ ಚನ್ನಬಸವ.' ಬೇಸಿಗೆಯಲ್ಲಿ ಈ ಕಾರಿನಿಂದ ಬಿಚ್ಚಿದ್ದು ಪ್ರವೀಣಕುಮಾರ್, ಅದಕ್ಕೆ ಆಡಳಿತ ಮಂಡಳಿ ಕೊಟ್ಟ ಬಹುಮಾನದ ಶಾಲು ಹೊದ್ದದ್ದು ಸಾಹೇಬರು.

"ಅದು ಸಂಶೋಧನೆ ಲೇ! ಬ್ಯಾರೆ ಏನರ ಹುಡುಕು" ಎಂದು ಚನ್ನಬಸವ ಗದರಿದರು.

ಸುಜಾತಾ ಸೀದಾ ಒಳಗೆ ಹೋಗಿ ಪೆಟ್ಟಿಗೆ ತೆರೆದು, ಅದನ್ನು ತಂದು ನನ್ನ ಕೈಗಿಟ್ಟರು. "ಹಾಕು ತಮ್ಮಾ. ಮನಾಲ್ಯಾಗ ಇವರ ಸಂಶೋಧನೆ ಹೊದ್ಕೊಂಡು ಮಲಗಾಕ ಬರ್ತೈತೇನು?"

ಜೋಡಿಸಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ಎದ್ದಿತು, ಬಿಸಿ ಗಾಳಿ ಬಂತು. ಸುಜಾತಾ ಎರಡೂ ಅಂಗೈ ಒಡ್ಡಿ, "ಸಾಕಪ್ಪ, ಬೆವರು ಬಂತು" ಎಂದು ನಕ್ಕರು.

ಚನ್ನಬಸವ ನನ್ನನ್ನು ಆಫೀಸಿಗೆ ಕರೆದು ಆದೇಶಪತ್ರ ಮುಂದಿಟ್ಟರು. "ಕೆಲಸ ನಿಂದು. ಆದ್ರ ಗುರುವಾರ ಆಡಳಿತ ಮಂಡಳಿಯವರು ಬರ್ತಾರ, ಪೆಟ್ಟಿಗಿ ಖಾಲಿ ಇರಬಾರದು. ಪ್ರವೀಣಕುಮಾರ್ ಕಾರಿಂದು ಬಿಚ್ಚಿ ಇಡು. ಹುಡುಗರಿಗೂ ಬಿಚ್ಚೋದನ್ನ ಕಲಿಸು."

ಪತ್ರದಲ್ಲಿ ನನ್ನ ಹೆಸರಿಗೆ ಮೊದಲು 'ಶ್ರೀ' ಇತ್ತು. ಯಾರೂ ನನಗೆ ಹಾಗೆ ಬರೆದಿರಲಿಲ್ಲ. ಎರಡು ಸಲ ಓದಿ, ಮೇಜಿನ ಮೇಲೆ ಅವರತ್ತಲೇ ಸರಿಸಿದೆ.

"ಬಿಚ್ಚಾಕ ಡಿಗ್ರಿ ಬೇಕಾಗ್ತೈತ್ರಿ ಸರ್. ನನಗ ಜೋಡಸೋದಷ್ಟ ಬರ್ತೈತಿ."