ಹಸಿವಿಲ್ಲ ಅಂದವನು

ಹೊರಗೆ ಯಾರೋ ಮಿರ್ಚಿ ಕರಿಯುತ್ತಿದ್ದಾರೆ, ಕಡಲೆಹಿಟ್ಟಿನ ವಾಸನೆ ಠಾಣೆಯ ಕಿಟಕಿಯಿಂದ ಒಳಗೆ ಬಂದು ನೇರ ನನ್ನ ಹೊಟ್ಟೆಗೇ ಕೈ ಹಾಕಿದೆ, ಹೊಟ್ಟೆ ಗುರ್ರೆಂದಿತು, ಎದುರು ಬೆಂಚಿನಲ್ಲಿದ್ದ ಮಾವ ಅಂದಪ್ಪನವರು ತಲೆ ಎತ್ತಿ ನೋಡಿದರು, ಅವರ ಮಗಳು ಸುರೇಖಾ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಳೆ, ಗಂಡನ ಹೊಟ್ಟೆ ಮಿರ್ಚಿ ಕೇಳುತ್ತಿದೆ, ವಿಷ ಹಾಕಿದವನು ಇವನೇ ಎಂದು ನನ್ನ ಹೊಟ್ಟೆಯೇ ಹೇಳಿಕೆ ಕೊಟ್ಟಂತಾಯಿತು — ಕೆಮ್ಮುತ್ತೇನೆ, ಕೆಮ್ಮಿದರೆ ಹೊಟ್ಟೆಯ ಸದ್ದು ಕೇಳುವುದಿಲ್ಲ ಎಂದು ನಂಬಿದ್ದೇನೆ, ಸರ್ಕಾರಿ ನೌಕರ, ತಾಲ್ಲೂಕು ಕಚೇರಿಯ ಗುಮಾಸ್ತ, ಇಂಥ ನಂಬಿಕೆಗಳ ಮೇಲೆಯೇ ಬದುಕಿದವನು. ಮಾವ ದೂರು ಕೊಡುವಾಗ ದನಿ ಒಂದಿಷ್ಟೂ ನಡುಗಲಿಲ್ಲ, ರೊಟ್ಟ್ಯಾಗ ಹೊಲಕ್ಕ ಹೊಡಿಯೋ ಎಣ್ಣಿ ಹಾಕ್ಯಾನ್ರಿ ಸಾಹೇಬ್ರ, ಮಕ್ಕಳಾಗಲಿಲ್ಲಂತ ಇನ್ನೊಂದು ಲಗ್ನಕ್ಕ ದಾರಿ ಮಾಡ್ಕೊಳ್ಳಾಕ ಹತ್ಯಾನ್ರಿ. ಇನ್ನೊಂದು ಲಗ್ನ! ಇದ್ದ ಒಂದನ್ನೇ ನೆಟ್ಟಗೆ ಮಾಡಲು ಬರದವನು. ಸಾಹೇಬರು ಕೇಳಿದ್ದು ಒಂದೇ, ಮನ್ಯಾಗ ಇರೋರು ಇಬ್ಬರು, ಒಬ್ಬಾಕಿ ಉಂಡು ಬಿದ್ದಾಳ, ಒಬ್ಬಾಂವ ಉಣ್ಣದ ಗಟ್ಟಿ ಕುಂತಾನ, ಯಾಕ ಉಣ್ಣಲಿಲ್ಲಪಾ ನೀನು? ಹಸಿವಿರಲಿಲ್ರಿ. ಯಾಕಿರಲಿಲ್ಲ? ಹಂಗ ಸುಮ್ನ ಇರಲಿಲ್ರಿ. ಹಸಿವೇನು ರಜಾ ಹಾಕಿತ್ತೇನಪಾ?

ಹೇಳಿಬಿಟ್ಟರೆ ಮುಗಿಯುತ್ತದೆ, ಒಂದೇ ವಾಕ್ಯ, ಭಾಗ್ಯನಗರದಲ್ಲಿ ನಜೀಬನ ತಳ್ಳುಗಾಡಿ ಇದೆ, ಕಚೇರಿ ಬಿಟ್ಟ ಮೇಲೆ ಅಲ್ಲಿ ಎಗ್ ರೈಸ್ ತಿಂದು ಮನೆಗೆ ಹೋಗುತ್ತೇನೆ, ಅವನನ್ನೇ ಕರೆಸಿ ಕೇಳಿರಿ — ನಜೀಬ ಬರುತ್ತಾನೆ, ಒಳ್ಳೆಯ ಮನುಷ್ಯ, ಸರ್ ಡಬಲ್ ಹಾಕ್ಲ್ಯಾ ಎಂದು ಕೇಳುವವನು, ಹಾಕು, ಉಳ್ಳಾಗಡ್ಡಿ ಕಡಿಮಿ, ಮನ್ಯಾಗ ವಾಸನಿ ಹಿಡೀತಾರ ಅನ್ನುತ್ತಿದ್ದೆ, ಉಳ್ಳಾಗಡ್ಡಿದು ಬಿಡ್ರಿ ಸರ್, ತತ್ತೀದಕ್ಕ ಏನ್ ಮಾಡ್ತೀರಿ, ಅದಕ್ಕ ಬಾಯಾಗ ಹಾಕ್ಕೊಳ್ಳಾಕ ಬಡೇಸೋಪು ಐತಲ್ಲೋ, ಅವನು ನಗುತ್ತಿದ್ದ, ನಾನು ಗಾಡಿಯ ಹಿಂದೆ ಕತ್ತಲಿದ್ದ ಕಡೆ ನಿಂತು, ಕೊರಳಿನ ಲಿಂಗವನ್ನು ಬೆನ್ನಿನ ಕಡೆ ಸರಿಸಿ ತಿನ್ನುತ್ತಿದ್ದೆ, ಬೆನ್ನಿಗೆ ಸರಿಸಿದರೆ ದೇವರಿಗೆ ಕಾಣುವುದಿಲ್ಲ ಎಂಬ ಲೆಕ್ಕ. ಆದರೆ ಇದನ್ನು ಅಂದಪ್ಪನವರ ಎದುರು ಹೇಳುವುದು ಹೇಗೆ, ಯಲಬುರ್ಗಾದಲ್ಲಿ ತಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಕಸದಲ್ಲಿ ತತ್ತಿಯ ಸಿಪ್ಪೆ ಕಂಡು ಅವತ್ತೇ ಮನೆ ಖಾಲಿ ಮಾಡಿಸಿದವರು, ಮದುವೆ ಮಾತುಕತೆಯಲ್ಲಿ ನನ್ನ ಸಂಬಳ ಕೇಳುವ ಮೊದಲು ನೇಮ ಹೆಂಗ ಎಂದು ಕೇಳಿದವರು, ಭಾಳ ಕಟ್ಟುನಿಟ್ಟ್ರಿ ಎಂದು ನಾನು ಉತ್ತರಿಸಿದ್ದೆ. ಕೊಲೆಗಾರ ಅನ್ನಿಸಿಕೊಂಡವನಿಗೆ ಕೋರ್ಟಿದೆ, ವಕೀಲರಿದ್ದಾರೆ, ಕೊನೆಗೆ ಸಂಶಯದ ಲಾಭವೂ ಇದೆ, ತತ್ತಿ ತಿಂದವನಿಗೆ ಯಲಬುರ್ಗಾದಲ್ಲಿ ಏನಿದೆ — ಛೀ, ಅವಳು ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲ, ನಾನಿಲ್ಲಿ ಮರ್ಯಾದೆಗಳನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದೇನೆ. ಉಣ್ತೀರೇನ್ರಿ ಅಂದಿದ್ದಳು ಮೊನ್ನೆ ಸಂಜೆ. ಹಸಿವಿಲ್ಲ. ಆಫೀಸಿನ್ಯಾಗ ಏನರ ತಿಂದ್ರ್ಯಾ? ಬರೇ ಚಾ. ಅವಳು ಒಂದು ಗಳಿಗೆ ಬಾಗಿಲಲ್ಲಿ ನಿಂತಿದ್ದಳು, ಮುಖ ನೋಡಲಿಲ್ಲ ನಾನು, ಟಿವಿಯ ಸದ್ದು ಹೆಚ್ಚು ಮಾಡಿದೆ, ನಸುಕಿನಲ್ಲಿ ಬಚ್ಚಲಿನಿಂದ ವಾಂತಿಯ ಸದ್ದು ಬಂದಾಗಲೂ ಮೊದಲು ಮಗ್ಗುಲು ಬದಲಿಸಿದೆ.

ಬೂಟಿನ ಸದ್ದು, ಆಸ್ಪತ್ರೆಗೆ ಹೋಗಿದ್ದ ಕಾನ್‌ಸ್ಟೇಬಲ್ ದುರಗೇಶ ಬಂದ, ಸರ್, ಆಯಮ್ಮಗ ಎಚ್ಚರ ಆತ್ರಿ, ಜೀವಕ್ಕೇನೂ ಇಲ್ಲಂತ, ಮಾತಾಡ್ಯಾಳ್ರಿ — ಎದ್ದು ನಿಂತೆ, ಮಾವನೂ ಎದ್ದು ನಿಂತರು, ಇಷ್ಟು ಹೊತ್ತಿನಲ್ಲಿ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ. ಬಿತ್ತಿ ಉಳಿದಿದ್ದ ಬೀಜದ ಜ್ವಾಳ ತೊಳದು ಬೀಸಿಸಿದ್ಲಂತ್ರಿ, ಔಷಧ ಹಚ್ಚಿದ ಕೆಂಪು ಬೀಜ, ಬಣ್ಣ ಹೋತು, ವಿಷಾನೂ ಹೋತು ಅಂತ ತಿಳ್ಕೊಂಡ್ಲಂತ, ಗಂಡಂದು ಏನೂ ಇಲ್ಲಂದ್ಲು. ಅರ್ಧ ಚೀಲ ಬೀಜ ಹೊಲದಿಂದ ತಂದು ಅಡುಗೆಮನೆಯ ಮೂಲೆಗಿಟ್ಟವನು ನಾನು, ಬಿತ್ತಿ ಉಳಿದ ಬೀಜ ಚೆಲ್ಲಬಾರದು, ಮಾರಬಾರದು, ಮನೆಯವರೇ ಉಣ್ಣಬೇಕು ಎಂಬುದು ಅವಳ ತವರಿನ ನೇಮ, ಬೀಜಕ್ಕೆ ಬರೀ ಬೂದಿ ಹಚ್ಚುತ್ತಿದ್ದ ಕಾಲದ್ದು, ಮಾವ ಬೀಜದ ಮಾತು ಕೇಳಿ ನೆಲ ನೋಡಿದರು. ಮತ್ತ ಇವಾ ಯಾಕ ಉಣ್ಣಲಿಲ್ಲಂತ, ಸಾಹೇಬರು ಬಿಡಲಿಲ್ಲ. ದುರಗೇಶ ನನ್ನನ್ನು ನೋಡಿದ, ಮೀಸೆಯೊಳಗೆ ನಕ್ಕ, ಇವರು ಹೊರಗ ತತ್ತಿ ತಿಂದು ಬರ್ತಾರಂತ್ರಿ, ವಾಸನಿ ಮೇಲೆ ಆಕಿಗೆ ಮೊದಲಿಂದ ಗೊತ್ತಂತ್ರಿ, ನಮ್ಮಪ್ಪಗ ಮಾತ್ರ ಹೇಳಬ್ಯಾಡ್ರಿ ಅಂದಾಳ್ರಿ. ತತ್ತೀನಾ? ಅಂದರು ಮಾವ, ವಿಷ ಅನ್ನುವಾಗ ನಡುಗದ ದನಿ ಈಗ ನಡುಗಿತು. ಅದಲ್ರಿ ಸರ್, ಡಾಕ್ಟರ್ ಏನಂದ್ರಂದ್ರ, ಆಕಿ ಪಾಲಿಂದಷ್ಟ ತಿಂದಿದ್ರ ವಾಂತಿ ಆಗಿ ಹೋಗ್ತಿತ್ತಂತ, ಇವರ ಪಾಲಿಂದೂ ತಿಂದಾಳ್ರಿ, ಕೆಡಸಬಾರದಂತ ದಿನಾ ಆಕೀನ ತಿಂತಾಳಂತ.

ದಿನಾ. ಏಳಪಾ, ಮನಿಗೆ ಹೋಗು, ಇಲ್ಲಾ ದವಾಖಾನಿಗೆ ಹೋಗು ಅನ್ನುತ್ತಿದ್ದಾರೆ ಸಾಹೇಬರು, ಎದ್ದೇ ಇದ್ದೇನಲ್ಲ, ಮಾವ ಏನೋ ಅನ್ನುತ್ತಿದ್ದಾರೆ, ಅನ್ನಲಿ, ಆಸ್ಪತ್ರೆಗೆ ಹೋದರೆ ಮುಖ ತೋರಿಸಬೇಕು, ದಿನಾ ಗೊತ್ತಿತ್ತು ಅವಳಿಗೆ, ಗೊತ್ತಿದ್ದೂ ನನ್ನ ಪಾಲಿನ ರೊಟ್ಟಿ ಬಡಿದಳು, ಬೇಯಿಸಿದಳು, ಉಣ್ತೀರೇನ್ರಿ ಎಂದು ಕೇಳಿದಳು, ಸುಳ್ಳು ಹೇಳಲು ನನಗೆ ಜಾಗ ಬಿಟ್ಟಳು, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾಳೆ, ಎದುರಿಗೆ ನನ್ನ ತಾಟು, ಮೇಲೆ ಮುಚ್ಚಿದ್ದನ್ನು ಸದ್ದಾಗದ ಹಾಗೆ ತೆಗೆದು ಗೋಡೆಗೆ ಒರಗಿಸುತ್ತಾಳೆ, ಅವಳ ಹೊಟ್ಟೆ ತುಂಬಿದೆ, ಆದರೂ ನನ್ನ ರೊಟ್ಟಿ ಮುರಿಯುತ್ತಾಳೆ, ತಡೆದು ತಡೆದು ಅಗಿಯುತ್ತಾಳೆ, ನುಂಗುತ್ತಾಳೆ, ಮತ್ತೆ ತಾಟಿಗೆ ಕೈ ಹಾಕುತ್ತಾಳೆ, ನನ್ನ ರೊಟ್ಟಿ ಮುರಿಯುತ್ತಾಳೆ — ಮುರಿಯುತ್ತಾಳೆ —