ಮೈದಾನದ ಹುಡುಗಿಯರು

ಪತ್ರಿಕಾ ಕಚೇರಿಯಲ್ಲಿ ಪುಟ ಕಟ್ಟುವ ಹೊತ್ತು. ಉಪಸಂಪಾದಕರ ಮುಂದೆ ಒಂದು ಚುಟುಕು ಸುದ್ದಿ: ನೀರಿನ ಟ್ಯಾಂಕ್ ಪಕ್ಕದ ಮೈದಾನದಲ್ಲಿ ಸ್ಕೂಟರ್ ಕಲಿಯುತ್ತಿದ್ದ ಮಹಿಳೆ ಬಿದ್ದು ಗಾಯಗೊಂಡಿದ್ದಾರೆ, ವಯಸ್ಸು ಐವತ್ತಾರು. ಅವರು 'ಮಹಿಳೆ' ಅಳಿಸಿ 'ವೃದ್ಧೆ' ಮಾಡಿದರು. ಕೈಗೆ ಅಂಟಿದ ಅಭ್ಯಾಸ. ಐವತ್ತು ದಾಟಿ ಬಿದ್ದವರೆಲ್ಲ ಅವರ ಪುಟದಲ್ಲಿ ವೃದ್ಧರೇ. ತಮಗೇ ಐವತ್ತೊಂಬತ್ತು ಎಂಬುದು ಆ ಲೆಕ್ಕಕ್ಕೆ ಸೇರಿರಲಿಲ್ಲ.

"ಸಾರ್, ಅಜ್ಜಿ ಫೋಟೊ ಸಿಗ್ಲಿಲ್ಲ," ಎಂದಳು ವರದಿಗಾರ್ತಿ.

"ಈ ವಯಸ್ಸಲ್ಲಿ ಸ್ಕೂಟರ್ ಯಾಕಮ್ಮ ಬೇಕಿತ್ತು ಅಜ್ಜಿಗೆ!"

ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ, ಸ್ಕೂಟರ್ ಕಲಿಯುತ್ತಿದ್ದ ಹೆಂಡತಿಗೂ ಇದೇ ಮಾತು ಹೇಳಿದ್ದರು. ಆಕೆ ತಟ್ಟೆ ಎತ್ತಿಟ್ಟು, ಹೆಲ್ಮೆಟ್ ಹುಡುಕತೊಡಗಿದ್ದಳು. ಯಾವ ಮೈದಾನದಲ್ಲಿ ಕಲಿಯುತ್ತಾಳೆಂದು ಇವರು ಕೇಳಿರಲೇ ಇಲ್ಲ. ಆಕೆಗೂ ಐವತ್ತಾರು. ಆದರೆ ವೃದ್ಧೆ ಎಂದೊಡನೆ ಬೆನ್ನು ಬಾಗಿದ, ಮುಖವಿಲ್ಲದ ಯಾರೋ ಕಣ್ಣಮುಂದೆ ಬಂದು ನಿಂತಿದ್ದಳು. ಅವಳ ಮರೆಯಲ್ಲಿ ಮನೆಯವಳು ಕಂಡಿರಲಿಲ್ಲ.

ಫೋನ್ ಮಾಡಿದರು. ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ವರದಿಗಾರ್ತಿಯತ್ತ ತಿರುಗಿದರು.

"ಹೆಸರೇನಮ್ಮ ಆಕೇದು?"

"ಕೇಳ್ಲಿಲ್ಲ ಸಾರ್. ಅಜ್ಜಿ ಅಲ್ವಾ ಅಂತ..."

ಅವಳನ್ನು ಬೈಯಲು ಬಾಯಿ ಬರಲಿಲ್ಲ. ಮತ್ತೆ ಫೋನ್ ಮಾಡಿದರು. ಐದಾರು ರಿಂಗಾದ ಮೇಲೆ ಆ ಕಡೆ ಎತ್ತಿದರು.

"ಏನ್ರೀ ಅದು, ಊರು ಮುಳುಗಿದ ಹಾಗೆ?" ಹೆಂಡತಿಯ ದನಿ.

"ಬಿದ್ಯಾ?"

"ನಾನ್ಯಾಕೆ ಬೀಳ್ಲಿ? ನಮ್ಮ ಜೊತೆ ಕಲಿಯೋ ಹುಡುಗಿ ಬಿದ್ಲು. ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ. ಮೊಣಕೈ ತರಚಿದೆ, ಅಷ್ಟೇ. ಟೀ ಕುಡೀತಾ ನಗ್ತಿದಾಳೆ."

"ಹುಡುಗೀನಾ? ಐವತ್ತಾರು ಅಂತ ಬಂದಿದೆ ಇಲ್ಲಿ!"

"ಹೂಂ, ನನ್ನ ವಾರಿಗೆಯವಳೇ. ಅಲ್ಲಿ ನಾವೆಲ್ಲ ಹುಡುಗೀರೇ. ರೀ, ಪೇಪರಿಗೆ ಹಾಕ್ತಿದೀರಾ? ಏನಂತ?"

ಅವರು ಪರದೆಯತ್ತ ನೋಡಿದರು. ಓದಿ ಹೇಳುವ ಧೈರ್ಯವಾಗಲಿಲ್ಲ.

"ಏನೂ ಇಲ್ಲ ಬಿಡು. ಎದ್ದು ಕೂತು ಟೀ ಕುಡಿಯೋರದ್ದೆಲ್ಲ ಸುದ್ದಿ ಆಗುತ್ತಾ?"

"ಹಾಗಿದ್ರೆ ಫೋನ್ ಇಡಿ. ಮೈದಾನಕ್ಕೆ ವಾಪಸ್ ಹೋಗ್ಬೇಕು, ನನ್ನ ಸರದಿ ಇನ್ನೂ ಬಾಕಿ ಇದೆ."

ಸಾಕು, ಮನೆಗೆ ನಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು.

"ಹೋಗಿ ಬಾ," ಎಂದರು.

ಸುದ್ದಿಯನ್ನು ಪೂರ್ತಿ ಅಳಿಸಿದರು. ಪುಟ ಕಟ್ಟುವವನು ಆ ತುದಿಯಿಂದ ಕೂಗಿದ: "ಸಾರ್, ಕೆಳಗಡೆ ಖಾಲಿ ಬಿತ್ತಲ್ಲ! ಏನು ತುಂಬ್ಲಿ?"

ಅವರು ಕುರ್ಚಿಗೆ ಒರಗಿ, ಅಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು.

"ಏನಾದ್ರೂ ತುಂಬು ಮಾರಾಯ. ಇವತ್ತು ಯಾರಿಗೂ ಏನೂ ಆಗಿಲ್ಲ."