ಒಗ್ಗರಣೆಯಿಲ್ಲದ ಒಂಬತ್ತು ದಿನ

ನಲವತ್ತೇಳು ವರ್ಷದ ಗಂಡಸಿಗೆ ಸೀತಾಳೆ ಸಿಡುಬು ಬರುವುದೆಂದರೆ ನಾಚಿಕೆಗೇಡೇ ಸರಿ. ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಡಾಕ್ಟರು ಕಾಡಪ್ಪನ ಹೊಟ್ಟೆಯ ಮೇಲಿನ ಗುಳ್ಳೆಗಳನ್ನು ನೋಡಿ, ಯಾವ ಶಾಲೆಗೆ ಹೋಗುತ್ತೀರಿ ಎಂದು ಮರಾಠಿಯಲ್ಲಿ ಕೇಳಿ ನಕ್ಕರು. ಗುಳಿಗೆ ಬರೆದುಕೊಟ್ಟು, ಒಂಬತ್ತು ದಿನ ಮನೆ ಬಿಟ್ಟು ಹೊರಬೀಳಬೇಡಿ ಎಂದು ಕಳಿಸಿದರು. ಲಾರಿ ತೂಗುವ ಕಾಟಾದಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತನಾಗಿ ಕೂತವನಿಗೆ ಮನೆಯಲ್ಲಿ ಒಂದು ಹಗಲು ಕಳೆದೂ ಗೊತ್ತಿರಲಿಲ್ಲ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನೀತಾಳಿಗೆ ಚಿಕ್ಕಂದಿನಲ್ಲೇ ಬಂದು ಹೋಗಿದ್ದರಿಂದ ಆಕೆಗೆ ಭಯವಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, "ಸಿಡುಬು ಅನಬ್ಯಾಡ್ರಿ, ಅವ್ವ ಬಂದಾಳ ಅನ್ರಿ" ಎಂದು ಗಂಡನಿಗೆ ಪಾಠ ಹೇಳಿದಳು.

ಎರಡನೆಯ ದಿನ ವಿಜಯಪುರದಿಂದ ಆಕೆಯ ತಮ್ಮ ಮಾಂತುವಿನ ಫೋನು ಬಂತು. ಅಪ್ಪನಿಗೆ ಉಸಿರಾಟದ ತೊಂದರೆ, ದವಾಖಾನೆಗೆ ಸೇರಿಸಿದ್ದೇವೆ, ಎಚ್ಚರಾದಾಗಲೆಲ್ಲ ನಿನ್ನನ್ನೇ ಕೇಳುತ್ತಾನೆ, ಬಂದುಬಿಡು ಎಂದ. ನೀತಾ ಅರ್ಧ ತಾಸಿನಲ್ಲಿ ಚೀಲ ತುಂಬಿ ನಿಂತಳು.

ಕಾಡಪ್ಪ ದೇವರು ದಿಂಡರೆಂದು ತಲೆ ಕೆಡಿಸಿಕೊಂಡವನಲ್ಲ. ಆದರೆ ಮೈಯೆಲ್ಲ ಬೆಂಕಿಯಾಗಿ ಉರಿಯುವಾಗ ಒಬ್ಬನೇ ಬಿದ್ದಿರಬೇಕಲ್ಲ ಎಂದು ಅವನಿಗೆ ದಿಗಿಲಾಯಿತು. ನನಗೆ ಹೆದರಿಕೆಯಾಗುತ್ತದೆ ಎಂದು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಹಾಗಾಗಿ ಎಂದೋ ಸತ್ತುಹೋದ ತನ್ನ ತಾಯಿಯ ಮಾತುಗಳನ್ನು ಹುಡುಕಿ ತೆಗೆದ.

"ಅವ್ವ ಬಂದ ಮನಿ ಬಿಟ್ಟು ಹೆಣ್ಮಗಳು ಹೊಸ್ತಿಲ ದಾಟಬಾರದು ಅಂತಾರ. ಒಂಬತ್ತನೇ ದಿನ ನೀರು ಹಾಕ್ಕೊಂಡ ಮ್ಯಾಲೆ ಹೋಗೀಯಂತ. ಮಾಮಾ ಗಟ್ಟಿ ಅದಾರ. ಇದಕ್ಕ ಮೊದಲ ಮೂರು ಸಲ ದವಾಖಾನಿಗೆ ಹೋಗಿ ಬಂದಿಲ್ಲೇನು?"

ನೀತಾಳ ಕಣ್ಣು ತುಂಬಿ ಬಂತು.

"ಮತ್ತ ಅಳಾಕ ಹೋಗಬ್ಯಾಡ," ಅಂದ ಕಾಡಪ್ಪ. "ಅವ್ವ ಇದ್ದ ಮನ್ಯಾಗ ಕಣ್ಣೀರು ಹಾಕಬಾರದು. ಆಕೀಗೆ ಸಿಟ್ಟು ಬರ್ತದ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಕಾಡಪ್ಪ ಅದೇ ಮಂಚದ ಮೇಲೆ ನಿಶ್ಚಿಂತೆಯಿಂದ ಮಗ್ಗುಲಾದ.

ಆದರೆ ಪದ್ಧತಿಯೆಂದ ಮೇಲೆ ತನಗೆ ಬೇಕಾದದ್ದನ್ನಷ್ಟೇ ಆರಿಸಿಕೊಳ್ಳಲು ಅದೇನು ಕಾಯಿಪಲ್ಲೆಯೇ? ಹಿಡಿದ ಮೇಲೆ ನೀತಾ ಎಲ್ಲವನ್ನೂ ಹಿಡಿದಳು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತುಹೋಯಿತು. ಕರಿಯುವುದಿಲ್ಲ, ಹುರಿಯುವುದಿಲ್ಲ, ಖಾರದ ಸೊಲ್ಲಿಲ್ಲ. ಮೂರು ಹೊತ್ತೂ ಸಪ್ಪನೆಯ ಬೇಳೆ, ಮೊಸರನ್ನ. ಬೆಳ್ಳುಳ್ಳಿಯಿಲ್ಲದೆ ನೀರೂ ಕುಡಿಯದ ಕಾಡಪ್ಪ ತಾಟಿನ ಮುಂದೆ ಕೂತು, ಬಂದವಳು ಅವ್ವನೋ ಅತ್ತೆಯೋ ಎಂದು ಗೊಣಗಿದ.

ಬೇಸರವಂತೂ ಹೇಳತೀರದು. ತುರಿಸಿಕೊಳ್ಳುವಂತಿಲ್ಲ, ಗಡ್ಡ ಕೆರೆಯುವಂತಿಲ್ಲ. ಫ್ಯಾನಿನ ಮೂರು ರೆಕ್ಕೆಗಳಲ್ಲಿ ಯಾವುದಕ್ಕೆ ಧೂಳು ಹೆಚ್ಚು ಎಂದು ಒಂದು ಮುಂಜಾನೆಯಿಡೀ ವಿಚಾರ ಮಾಡಿದ. ಕೊನೆಗೆ ತನ್ನ ಕಸುಬಿಗೇ ಇಳಿದ. ಜಿನೆಯ ಮೆಟ್ಟಿಲು ಹತ್ತುವವರ ಹೆಜ್ಜೆ ಸಪ್ಪಳ ಕೇಳಿ ತೂಕ ಹೇಳುವುದು. ಮೂರನೆಯ ಮಹಡಿಯ ಮಹೇಶಕುಮಾರ ತೊಂಬತ್ತೆರಡು ಕಿಲೋ, ರವಿವಾರದ ಮಟನ್ ಆದಮೇಲೆ ತೊಂಬತ್ಮೂರು. ಎದುರುಮನೆಯ ಮರಾಠಿ ಹೆಂಗಸು, ಎಲ್ಲರ ಕಾಕು, ಎಪ್ಪತ್ತು, ಅದರಲ್ಲಿ ಕೈಚೀಲದ ತರಕಾರಿ ನಾಲ್ಕು. ನೀತಾ ಐವತ್ತೆಂಟು.

ನಾಲ್ಕನೆಯ ದಿನ ಮಧ್ಯಾಹ್ನ ಅಡುಗೆಮನೆಯಿಂದ ಬರುತ್ತಿದ್ದ ನೀತಾಳ ಹೆಜ್ಜೆ ಯಾಕೋ ಭಾರವಾಗಿ ಕೇಳಿಸಿತು.

"ಎರಡು ಕಿಲೋ ಏರೀದಿ ನೋಡು," ಎಂದು ಕಾಡಪ್ಪ ನಕ್ಕ. "ಸಪ್ಪನ ಬ್ಯಾಳಿ ನಿನಗ ಚಲೋ ಹಿಡಿಸೇದ."

ಅವಳು ನಗಲಿಲ್ಲ. ದಿಂಬಿನ ಪಕ್ಕದಲ್ಲಿದ್ದ ಅವನ ಮೊಬೈಲು ಎತ್ತಿಕೊಂಡು, "ಇದರ ಝಳ ಕಣ್ಣಿಗೆ ಬಡೀತದ. ಅವ್ವಗ ಆಗಿಬರೂದಿಲ್ಲ," ಎಂದು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಅವ್ವನ ಕಾಲದಲ್ಲಿ ಮೊಬೈಲು ಎಲ್ಲಿತ್ತು ಎಂದು ಅವನು ಕೂಗಾಡಿದ. ಅವಳು ಹೊರಳಿಯೂ ನೋಡಲಿಲ್ಲ.

ಅದೇ ಸಂಜೆ ಎದುರುಮನೆಯ ಕಾಕು ಬಾಗಿಲಿಗೆ ಬಂದದ್ದು ಕೇಳಿಸಿತು. "ಖಾ ಗ, ದೋನ ಘಾಸ ತರೀ ಖಾ," ಎರಡು ತುತ್ತಾದರೂ ಉಣ್ಣು ಎಂದು ನೀತಾಳನ್ನು ಮೆಲುದನಿಯಲ್ಲಿ ಒತ್ತಾಯಿಸುತ್ತಿದ್ದಳು. ಹಿಂದೆಯೇ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಕಡಲೆಹಿಟ್ಟಿನ ಪಿಠಲ, ಬಿಸಿ ಜೋಳದ ಭಾಕರಿಯ ವಾಸನೆ ಕೋಣೆಯೊಳಗೆ ನುಗ್ಗಿತು. ಕಾಡಪ್ಪನ ಬಾಯಲ್ಲಿ ನೀರೂರಿತು. ಆದರೆ ಕಾಕು ತಂದ ಡಬ್ಬಿ ಮುಚ್ಚಳ ತೆರೆದಂತೆಯೇ ಮುಚ್ಚಿಕೊಂಡು ವಾಪಸು ಹೋಯಿತು. ರೋಗ ನನಗೆ, ಪಿಠಲದ ಉಪಚಾರ ಇವಳಿಗೆ, ಇವಳೋ ಅದನ್ನೂ ತಿನ್ನಲಿಲ್ಲ, ನನಗೂ ಕೊಡಲಿಲ್ಲ ಎಂದು ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಆದರೂ ದಿನವೂ ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಕೇಳುತ್ತಿದ್ದ. "ಮಾಮಾ ಹೆಂಗ ಅದಾರ?"

"ಈಗ ಏನೂ ತ್ರಾಸ ಇಲ್ಲಂತ್ರಿ."

"ನಾ ಹೇಳಿದ್ದಿಲ್ಲ? ಸುಮ್ನ ಓಡಿ ಹೋಗಾಕಿ ಇದ್ದಿ."

ನೀತಾ ದೀಪದ ಬತ್ತಿ ಸರಿಮಾಡುತ್ತಿದ್ದಳು.

ಒಂಬತ್ತನೆಯ ದಿನ ಬೇವು ಅರಿಷಿಣ ಕುದಿಸಿದ ನೀರಿನಲ್ಲಿ ಕಾಡಪ್ಪನ ಸ್ನಾನವಾಯಿತು. ನೀತಾ ಮೊಸರನ್ನದ ಎಡೆ ಮಾಡಿ, ತಂಪಾಗಿ ಹೋಗಿ ಬಾರವ್ವ ಎಂದು ಕೈಮುಗಿದಳು. ಬಾಗಿಲ ಬೇವು ಬಿಚ್ಚಿದಳು. ಆಮೇಲೆ ಒಳಗೆ ಹೋಗಿ ಒಲೆಯ ಮೇಲೆ ಎಣ್ಣೆಯಿಟ್ಟಳು. ಸಾಸಿವೆ ಚಟಪಟನೆ ಸಿಡಿಯಿತು, ಬೆಳ್ಳುಳ್ಳಿ ಬಿತ್ತು, ಒಣಮೆಣಸಿನಕಾಯಿ ಬಿತ್ತು. ಕಾಡಪ್ಪ ಟವೆಲು ಸುತ್ತಿಕೊಂಡೇ ಅಡುಗೆಮನೆಗೆ ಓಡಿ ಬಂದ.

"ಆಹಾ! ಈಗ ಜೀವ ಬಂತು ನೋಡು!"

ನೀತಾ ಬೆನ್ನು ಮಾಡಿ ನಿಂತಿದ್ದಳು. "ಅವ್ವ ಹೋದಳೇನ್ರಿ?"

"ಹೋದಳು. ಈಗರ ಸಾಗಹಾಕಿದಿಯಲ್ಲ."

"ಹಂಗಾರ ಈಗ ಅತ್ರ ನಡೀತದೇನ್ರಿ?"

"ಮೆಣಸಿನಕಾಯಿ ಘಾಟಿಗೆ ಕಣ್ಣೀರು ಬರಾಕ ನನ್ನ ಪರವಾನಗಿ ಬೇಕೇನ?" ಎಂದು ಕಾಡಪ್ಪ ನಕ್ಕ.

"ಅಪ್ಪ ಹೋಗಿ ಐದು ದಿನ ಆತ್ರಿ," ಎಂದಳು ನೀತಾ.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಕಪಾಟಿಗೆ ಸೇರಿದ ಮೊಬೈಲು. ಎರಡು ಕಿಲೋ ಏರಿದೆ ಎಂದು ತಾನು ನಕ್ಕದ್ದು. ಈ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ಪಿಠಲ ಭಾಕರಿ ಒಯ್ದು ಕೊಡುತ್ತಾರೆ. ತಾನೇ ಎರಡು ಸಲ ಅಂಥ ಡಬ್ಬಿ ಹಿಡಿದುಕೊಂಡು ಹೋಗಿದ್ದ. ಅದರ ವಾಸನೆಗೆ ಮೊನ್ನೆ ಬಾಯಲ್ಲಿ ನೀರೂರಿಸಿಕೊಂಡಿದ್ದ.

"ನನಗ ಯಾಕ ಹೇಳಲಿಲ್ಲ ನೀತಾ?"

"ಬಾಯಿಬಿಟ್ಟು ಹೇಳಿದ್ರ ಅಳು ಬರ್ತಿತ್ರಿ. ಅಳಬಾರದು ಅಂದಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಳಲು ನಡೀತದ ಎಂದು ಅವನಿನ್ನೂ ಹೇಳಿಲ್ಲವೆಂದು ಅವಳು ಸೌಟು ಹಿಡಿದು ಕಾಯುತ್ತಲೇ ಇದ್ದಳು. ಕಾಡಪ್ಪ ತಲೆಯಾಡಿಸಿದ. ನೀತಾ ಅಡುಗೆ ಕಟ್ಟೆಗೆ ಹಣೆ ಹಚ್ಚಿ, ಅಪ್ಪಾ ಎಂದು ಒಂದೇ ಸಮ ಅತ್ತಳು.

"ಅದು ಅವ್ವನ ಮಾತಲ್ಲ ನೀತಾ, ನನ್ನ ಮಾತು. ನಾ ಒಬ್ಬನ ಇರಾಕ ಹೆದರಿದ್ದೆ," ಎಂದ. ಆ ಅಳುವಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಒಗ್ಗರಣೆ ಸೀಯುತ್ತಿತ್ತು. ಅವನು ಗ್ಯಾಸು ಆರಿಸಿದ. ಕೋಣೆಗೆ ಹೋಗಿ ಮೊಣಕಾಲೂರಿ ಮಂಚದ ಕೆಳಗಿನಿಂದ ಚೀಲವನ್ನು ಎಳೆದ. ಜಿಪ್ಪಿನ ಬದಿಯಲ್ಲಿ ಮಾವನಿಗೆಂದು ಅವಳು ತುರುಕಿದ್ದ ಕುರುಕಲು ಬಾಕರವಡಿಯ ಪೊಟ್ಟಣ ಬಿರಿದು ಪುಡಿಯಾಗಿತ್ತು. ಚೀಲದ ಧೂಳು ಒರೆಸಿ ಹೊಸ್ತಿಲ ಹತ್ತಿರ ತಂದಿಟ್ಟ. ಆರು ಕಿಲೋ ಇದ್ದೀತು. ಏಳು ದಿನದ ಹಿಂದೆಯೂ ಅದು ಇಷ್ಟೇ ತೂಕವಿತ್ತು, ಆಗಲೂ ಎತ್ತಿಕೊಡಬಹುದಿತ್ತು.